ಕುಲುಮೆಗೆ ಯಾವ ಬೆಂಕಿಗುಂಡಿ: ಮಣ್ಣೋ, ಬ್ರೇಕ್ ಡ್ರಮ್ಮೋ, ಪ್ಲೇಟೋ?

ಹೋದ ಬೇಸಿಗೆಯಲ್ಲಿ ಪಕ್ಕದ ತೋಟದ ಹುಡುಗ ಬೈಕಿನ ಹಿಂದೆ ಲಾರಿಯ ಬ್ರೇಕ್ ಡ್ರಮ್ ಕಟ್ಟಿಕೊಂಡು ಬಂದ. ಹಿಂದಿನ ಟೈರು ಅರ್ಧ ಕೂತುಹೋಗಿತ್ತು. "ಅಣ್ಣಾ, ಗುಜರಿಯಲ್ಲಿ ಸಿಕ್ತು. ಇದ್ರಲ್ಲೇ ಕುಲುಮೆ ಮಾಡ್ತೀನಿ. ಗಾಳಿಗೆ ತೂತು ಎಲ್ಲಿ ಹೊಡೀಲಿ ಹೇಳಿ" ಅಂದ. ನಾನು ಕೇಳಿದ್ದು ಒಂದೇ. "ಏನು ಉರಿಸ್ತೀಯ?" ಅವನಿಗೆ ಆ ಪ್ರಶ್ನೆಯೇ ಹೊಸದು. "ಏನೋ ಒಂದು ಅಣ್ಣ, ಇದ್ದಿಲು ಸಿಗುತ್ತಲ್ಲ" ಅಂದ.

ಎಲ್ಲರೂ ಎಡವುವುದು ಇಲ್ಲೇ. ಪಾತ್ರೆ ಮೊದಲು ತರುತ್ತಾರೆ, ಅಡುಗೆ ಆಮೇಲೆ ಯೋಚಿಸುತ್ತಾರೆ. ಯೂಟ್ಯೂಬಿನಲ್ಲಿ ಯಾರೋ ಬ್ರೇಕ್ ಡ್ರಮ್ಮಿನಲ್ಲಿ ಕಬ್ಬಿಣ ಕಾಯಿಸಿದ್ದು ನೋಡಿರುತ್ತಾರೆ. ಅಲ್ಲಿ ಉರಿಯುತ್ತಿದ್ದದ್ದು ಒಳ್ಳೆಯ ಕಲ್ಲಿದ್ದಲು ಅನ್ನೋದು ಕಣ್ಣಿಗೆ ಬಿದ್ದಿರುವುದಿಲ್ಲ. ಆಮೇಲೆ ನಮ್ಮ ಜಾಲಿ ಇದ್ದಿಲು ಸುರಿದು, ಅರ್ಧ ಚೀಲ ಖಾಲಿಯಾದರೂ ಕಬ್ಬಿಣ ಕೆಂಪಾಗಲಿಲ್ಲ ಅಂತ ಕೈಚೆಲ್ಲುತ್ತಾರೆ.

ಬೆಂಕಿಗುಂಡಿ ಅಂದರೆ ಕುಲುಮೆಯಲ್ಲಿ ಬೆಂಕಿ ಕೂರುವ ಕುಳಿ, ಇಂಗ್ಲಿಷಿನವರ ಫೈರ್‌ಪಾಟ್. ಅದರ ಕೆಲಸ ಎರಡೇ. ಉರಿಯುವ ಕೆಂಡವನ್ನು ಒಂದೇ ಕಡೆ ಗುಡ್ಡೆಯಾಗಿ ಹಿಡಿದಿಡುವುದು, ಆ ಗುಡ್ಡೆಯ ನಡುವಿಗೆ ಗಾಳಿ ಸೇರಿಸುವುದು. ಯಾವುದರಲ್ಲಿ ಮಾಡಿದ್ದೀರಿ ಅನ್ನುವುದಕ್ಕಿಂತ ಕುಳಿಯ ಅಳತೆ ಮುಖ್ಯ. ನಾನು ಇಲ್ಲಿಯವರೆಗೆ ಮೂರು ಥರದ್ದು ಮಾಡಿದ್ದೇನೆ. ಒಂದು ಒಡೆಯಿತು, ಒಂದು ಮಳೆಗೆ ಕರಗಿತು, ಒಂದು ಇನ್ನೂ ಇದೆ.

ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ

ನಿಮಗೆ ಸುಲಭವಾಗಿ ಸಿಗುವ ಉರುವಲು ಯಾವುದು? ಕರ್ನಾಟಕದ ಹೆಚ್ಚಿನ ಕಡೆ ಉತ್ತರ ಇದ್ದಿಲು. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯದ್ದು, ತೆಂಗಿನ ಸೀಮೆಯಲ್ಲಿ ಕರಟದ್ದು. ಜಾಲಿ ಇದ್ದಿಲು ಬೇಗ ಹೊತ್ತುತ್ತದೆ, ಹೆಚ್ಚು ಗಾಳಿ ಕೇಳುವುದಿಲ್ಲ, ಆದರೆ ಹಗುರ. ಜೋರಾಗಿ ಊದಿದರೆ ಕಿಡಿ ಹಾರುತ್ತದೆ, ನೋಡನೋಡುತ್ತಲೇ ಬೂದಿಯಾಗುತ್ತದೆ. ಕರಟದ ಇದ್ದಿಲು ಗಟ್ಟಿ. ಹೊತ್ತಿಸುವುದು ಕಷ್ಟ, ಗಾಳಿ ನಿಲ್ಲಿಸಿದರೆ ಮಂಕಾಗುತ್ತದೆ, ಹಿಡಿದುಕೊಂಡ ಮೇಲೆ ಕಾವು ಮಾತ್ರ ಚೆನ್ನಾಗಿ ಕೊಡುತ್ತದೆ. ಎರಡಕ್ಕೂ ಬೇಕಾದದ್ದು ಆಳವಾದ, ಅಗಲ ಕಡಿಮೆ ಇರುವ ಗುಂಡಿ.

ಕಲ್ಲಿದ್ದಲಿನ ಲೆಕ್ಕವೇ ಬೇರೆ. ಒಳ್ಳೆಯದಾದರೆ ಅಂಚಿನಲ್ಲಿ ಬೆಂದು ಅಂಟಿಕೊಂಡು ತಾನೇ ಕೋಕ್ (ಹೊಗೆಯ ಅಂಶ ಹೋಗಿ ಉಳಿಯುವ ಗಟ್ಟಿ ಇಂಗಾಲ) ಆಗುತ್ತದೆ, ಮೇಲೆ ಗೂಡಿನ ಥರ ಚಾವಣಿ ಕಟ್ಟುತ್ತದೆ. ಅದಕ್ಕೆ ಗುಂಡಿ ಅಷ್ಟು ಆಳ ಬೇಡ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಆ ಬೂದಿ ಕರಗಿ ಗಾಳಿಬಾಯಿಯ ಹತ್ತಿರ ಗಾಜಿನಂಥ ಕಿಟ್ಟವಾಗಿ ಕೂರುತ್ತದೆ. ಹಾಗಾಗಿ ಕಲ್ಲಿದ್ದಲು ಉರಿಸುವವರು ಕಿಟ್ಟ ತೆಗೆಯುವುದು ಹೇಗೆ ಅಂತ ಮೊದಲೇ ಯೋಚಿಸಬೇಕು. ಇದ್ದಿಲಿನವರಿಗೆ ಆ ತಲೆನೋವು ಕಡಿಮೆ.

ಎರಡನೆಯದು, ನೀವು ಏನು ಕಾಯಿಸುತ್ತೀರಿ? ಕುಡುಗೋಲು, ಮಚ್ಚು, ಅಡುಗೆಮನೆ ಚಾಕುವೇ? ಹಾರೆ, ಪಿಕಾಸಿ, ಗುದ್ದಲಿಯೇ? ತುಂಬ ಜನ "ಎರಡು ಅಡಿ ಪಟ್ಟಿ ಕಾಯಿಸಬೇಕು, ದೊಡ್ಡ ಗುಂಡಿ ಬೇಕು" ಅನ್ನುತ್ತಾರೆ. ಬೇಡ. ಒಂದು ಸಲ ಕಾಯಿಸಿ ತೆಗೆದರೆ, ಆರುವುದರೊಳಗೆ ನಿಮ್ಮ ಸುತ್ತಿಗೆ ಮುಟ್ಟುವುದು ನಾಲ್ಕೈದು ಇಂಚು ಮಾತ್ರ. ಉಳಿದ ಉದ್ದಕ್ಕೆ ಕಾವು ಕೊಟ್ಟರೆ ಸುಮ್ನೆ ಇದ್ದಿಲು ದಂಡ. ಬೇಕಾದದ್ದು ಉದ್ದನೆಯ ಕಬ್ಬಿಣ ಆ ಬದಿಯಿಂದ ಈ ಬದಿಗೆ ಅಡ್ಡ ಮಲಗುವ ದಾರಿ.

ಆಮೇಲೆ ಗಾಳಿ. ತಿದಿಯೋ, ಕೈಯಲ್ಲಿ ತಿರುಗಿಸುವ ಬ್ಲೋವರೋ, ಕರೆಂಟಿನದೋ? ತೋಟದಲ್ಲಿ ಕರೆಂಟು ಬರುವುದೇ ರಾತ್ರಿ ಅನ್ನುವವರು ಕೈ ಬ್ಲೋವರ್ ಇಟ್ಟುಕೊಳ್ಳುವುದು ಮೇಲು. ಕೊನೆಗೆ, ಕುಲುಮೆ ಇದ್ದಲ್ಲೇ ಇರುತ್ತದೋ ಅಥವಾ ಎತ್ತಿ ಒಳಗಿಡಬೇಕೋ, ನಿಮಗೆ ವೆಲ್ಡಿಂಗ್ ಗೊತ್ತೋ ಇಲ್ಲವೋ. ಇಷ್ಟಕ್ಕೆ ಉತ್ತರ ಇದ್ದರೆ ಅರ್ಧ ಆಯ್ಕೆ ಆದ ಹಾಗೆ.

ಮಣ್ಣಿನ ಗುಂಡಿ

ಇದನ್ನು ಬಡವರ ಕುಲುಮೆ ಅಂತ ತಳ್ಳಿಹಾಕುವವರಿಗೆ ಒಂದು ಮಾತು. ಹಿಂದೆ ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದದ್ದು, ಉಕ್ಕು ಮಾಡುತ್ತಿದ್ದದ್ದು ಮಣ್ಣು, ಇದ್ದಿಲು, ತಿದಿ ಈ ಮೂರರಲ್ಲೇ. ಕುಡುಗೋಲಿಗೆ ಕಕ್ಕು (ಹಲ್ಲು) ಹಾಕಲು ಸಾಲದೇ?

ಮಾಡುವುದು ಸುಲಭ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಹತ್ತು ಇಂಚು ಎತ್ತರದ ಪೆಟ್ಟಿಗೆ ಸಾಕು. ಹಳೇ ಟ್ರಂಕು ಆಗಬಹುದು, ಇಟ್ಟಿಗೆ ಕಟ್ಟೆ ಆಗಬಹುದು, ಮರದ ಹಲಗೆಯೂ ಆಗುತ್ತದೆ. ನಡುವೆ ಮಣ್ಣಿನ ದಪ್ಪ ಮೂರು ಇಂಚಿಗಿಂತ ಕಡಿಮೆಯಾದರೆ ಮಾತ್ರ ಹಲಗೆ ಸೀಯುತ್ತದೆ. ಹುತ್ತದ ಮಣ್ಣು ಸಿಕ್ಕರೆ ಅದು, ಇಲ್ಲದಿದ್ದರೆ ಜೇಡಿಮಣ್ಣು. ಜೇಡಿಗೆ ಸರಿಸಮ ಮರಳು, ಒಂದು ಬೊಗಸೆ ಒಲೆಬೂದಿ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ತುಳಿಯಿರಿ. ನೀರು ಜಾಸ್ತಿಯಾದಷ್ಟೂ ಬಿರುಕು ಜಾಸ್ತಿ. ಸಿಮೆಂಟ್ ಮಾತ್ರ ಬೆರೆಸಬೇಡಿ. ಕಾದಾಗ ಒಳಗಿನ ನೀರು ಆವಿಯಾಗಿ ಚಿಪ್ಪು ಚಿಪ್ಪಾಗಿ ಸಿಡಿಯುತ್ತದೆ. ಹೊಳೆಕಲ್ಲೂ ಅಷ್ಟೇ.

ಗಾಳಿ ಇಲ್ಲಿ ತಳದಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಒಂದು ಇಂಚಿನ, ದಪ್ಪ ಗೋಡೆಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಪೈಪನ್ನು ಪಕ್ಕದ ಗೋಡೆಯಿಂದ ತೂರಿಸಿ. ಅದರ ಬಾಯಿ ಗುಂಡಿಯ ತಳದಿಂದ ಎರಡು ಇಂಚು ಮೇಲಿರಲಿ. ಆ ಎರಡು ಇಂಚು ಬೂದಿಗೆ, ಕಿಟ್ಟಕ್ಕೆ ಬಿಟ್ಟ ಜಾಗ. ಪೈಪಿನ ಮೇಲೆ ಐದಾರು ಇಂಚು ಆಳ ಸಿಗಬೇಕು. ಗುಂಡಿಯ ಅಗಲ ತಳದಲ್ಲಿ ನಾಲ್ಕು ಇಂಚು, ಮೇಲೆ ಎಂಟು. ಎರಡು ಬದಿಯ ಮಣ್ಣನ್ನು ತುಸು ತಗ್ಗಿಸಿದರೆ ಹಾರೆ ಅಡ್ಡ ಮಲಗಲು ದಾರಿಯಾಯಿತು.

ಆಳ ಆಳ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಗಾಳಿಬಾಯಿಯ ಎದುರಿಗೇ ಹೊಸ ಗಾಳಿ ಇರುತ್ತದೆ. ಅಲ್ಲಿ ಕಬ್ಬಿಣ ಇಟ್ಟರೆ ಅದೂ ಉರಿಯುತ್ತದೆ, ಮೈಮೇಲೆ ಕಪ್ಪು ಹಕ್ಕಳೆ ಎದ್ದು ಉದುರುತ್ತದೆ. ಮೂರು ನಾಲ್ಕು ಇಂಚು ಕೆಂಡ ದಾಟಿ ಬರುವಷ್ಟರಲ್ಲಿ ಗಾಳಿಯಲ್ಲಿದ್ದ ಆಮ್ಲಜನಕ ಖರ್ಚಾಗಿರುತ್ತದೆ. ಅಲ್ಲಿಟ್ಟರೆ ಕಬ್ಬಿಣ ಕಾಯುತ್ತದೆ, ಸವೆಯುವುದಿಲ್ಲ. ಅದರ ಮೇಲೆ ಇನ್ನೊಂದೆರಡು ಇಂಚು ಕೆಂಡ ಹೊದಿಸಬೇಕು. ಹಗುರ ಇದ್ದಿಲಿಗೆ ಆಳದ ಗುಂಡಿ ಬೇಕು ಅನ್ನುವುದರ ಹಿಂದಿನ ಕಾರಣ ಇಷ್ಟೇ.

ಒಣಗಿಸುವಾಗ ಅವಸರ ಮಾಡಬೇಡಿ. ನೆರಳಲ್ಲಿ ಒಂದು ವಾರ. ಆಮೇಲೆ ಎರಡು ದಿನ ಸಣ್ಣ ಪುರಳೆ ಬೆಂಕಿ. ಬಿರುಕಿಗೆ ತೆಳು ಮಣ್ಣು ಸವರಿ.

ಇದರ ಕಷ್ಟಗಳೂ ಇವೆ. ಪೈಪಿನ ತುದಿ ಸುಟ್ಟು ಸವೆಯುತ್ತದೆ, ಆಗಾಗ ಒಳಗೆ ತಳ್ಳುತ್ತಿರಬೇಕು. ಹಾಗಾಗಿ ಪೈಪು ಬೇಕಾದದ್ದಕ್ಕಿಂತ ಅರ್ಧ ಅಡಿ ಹೆಚ್ಚೇ ಇರಲಿ. ಕಬ್ಬಿಣ ತಗುಲಿ ಅಂಚು ಉದುರುತ್ತದೆ, ವಾರಕ್ಕೊಮ್ಮೆ ಮೆತ್ತಬೇಕು. ಎತ್ತಿಡುವುದಂತೂ ಆಗದ ಮಾತು. ನನ್ನ ಮೊದಲನೆಯದು ಹುಣಸೆಮರದ ಕೆಳಗಿತ್ತು. ಜೂನಿನ ಒಂದು ಮಳೆಗೆ ಪಾಯಸವಾಯಿತು.

ಬ್ರೇಕ್ ಡ್ರಮ್

ಗುಜರಿಯಲ್ಲಿ ಸಿಗುತ್ತದೆ, ದುಂಡಗಿದೆ, ನಡುವೆ ತೂತು ಮೊದಲೇ ಇದೆ. ನೋಡಿದರೆ ಕುಲುಮೆಗೇ ಹುಟ್ಟಿದ ಹಾಗಿದೆ. ಅದಕ್ಕೇ ಎಲ್ಲರೂ ಮರುಳಾಗುವುದು.

ಲಾರಿ ಡ್ರಮ್ಮಿನ ಬಾಯಿ ಹೆಚ್ಚುಕಡಿಮೆ 16 ಇಂಚು. ಗೋಡೆ ನೇರ, ಇಳಿಜಾರಿಲ್ಲ. ಇದ್ದಿಲು ಸುರಿದರೆ ಅಂಚಿನಿಂದ ಅಂಚಿಗೆ ಹೊತ್ತಿಕೊಳ್ಳುತ್ತದೆ. ನೀವು ಕಾಯಿಸುವುದು ನಡುವಿನ ನಾಲ್ಕು ಇಂಚು, ಉರಿಯುವುದು ಇಡೀ ಡ್ರಮ್ಮು. ಇನ್ನೊಂದು ತೊಂದರೆ ಎತ್ತರ. ಹಾರೆಯನ್ನು ಅಂಚಿನ ಮೇಲಿಂದ ಓರೆಯಾಗಿ ಇಳಿಸಬೇಕು. ತುದಿ ಮಾತ್ರ ಕಾಯುತ್ತದೆ, ನಡುಭಾಗ ಕಾಯಿಸಲು ಆಗುವುದೇ ಇಲ್ಲ.

ಪರಿಹಾರ ಇದೆ. ಎದುರುಬದುರು ಅಂಚಿನಲ್ಲಿ ನಾಲ್ಕು ಇಂಚು ಅಗಲದ ಎರಡು ಕಚ್ಚು ಗ್ರೈಂಡರಿನಲ್ಲಿ ಕತ್ತರಿಸಿ. ಒಳಗೆ ಮಣ್ಣು ಮೆತ್ತಿ ಬಟ್ಟಲಿನ ಆಕಾರ ಕೊಡಿ, ಬಾಯಿ ಒಂಬತ್ತು ಇಂಚಿಗೆ, ತಳ ನಾಲ್ಕಕ್ಕೆ ಇಳಿಯುವ ಹಾಗೆ. ಆಗ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗಮನಿಸಿದಿರಾ? ಅಷ್ಟೆಲ್ಲ ಮಾಡಿದ ಮೇಲೆ ಅದು ಡ್ರಮ್ಮಿನೊಳಗಿನ ಮಣ್ಣಿನ ಕುಲುಮೆಯೇ ಆಯಿತು, ಅಲ್ವಾ? ಲಾಭ ಅಂದರೆ ಡ್ರಮ್ಮಿಗೆ ಕಾಲು ಹಚ್ಚಿ, ನಿಂತುಕೊಂಡು ಕೆಲಸ ಮಾಡುವ ಎತ್ತರಕ್ಕೆ ತರಬಹುದು.

ಡ್ರಮ್ಮೇ ಬೇಕು ಅನ್ನುವವರು ಲಾರಿಯದ್ದು ಬಿಟ್ಟು ಟೆಂಪೋ, ಪಿಕಪ್ ಗಾಡಿಯದ್ದು ಹುಡುಕಿ. ಹತ್ತು ಹನ್ನೆರಡು ಇಂಚಿನ ಬಾಯಿ ನಮ್ಮ ಅಳತೆಗೆ ಹತ್ತಿರ. ಸಣ್ಣ ಕಾರಿನದ್ದು ಚಾಕು ಮಾಡುವವರಿಗೆ ಆದೀತು. ಆಳ ಸಾಲದು, ಸುತ್ತ ಇಟ್ಟಿಗೆ ನಿಲ್ಲಿಸಿ ಎತ್ತರಿಸಿಕೊಳ್ಳಬೇಕು.

ಎರಡು ಎಚ್ಚರಿಕೆ. ಹಳೇ ಬ್ರೇಕಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಒರೆಸಬೇಡಿ, ನೀರು ಹಾಕಿ ಒದ್ದೆ ಇರುವಾಗಲೇ ತೊಳೆಯಿರಿ. ಎರಡನೆಯದು ನನ್ನ ಸ್ವಂತ ಪಾಠ. ಡ್ರಮ್ಮು ಬೀಡು ಕಬ್ಬಿಣ, ಅಂದರೆ ಕರಗಿಸಿ ಅಚ್ಚಿಗೆ ಎರೆದದ್ದು. ಒಂದು ಸಂಜೆ ಕತ್ತಲಾಗುತ್ತಿದೆ, ಕೆಂಡ ಆರಿಸಿ ಮನೆಗೆ ಹೋಗೋಣ ಅಂತ ಒಂದು ಚೊಂಬು ನೀರು ಸುರಿದೆ. ಗಂಟೆ ಹೊಡೆದ ಹಾಗೆ ಟಣ್ ಅಂದಿತು. ಬೆಳಿಗ್ಗೆ ನೋಡಿದರೆ ಅಂಚಿನಿಂದ ತಳದವರೆಗೆ ಕೂದಲೆಳೆಯ ಬಿರುಕು. ಎರಡು ವಾರದಲ್ಲಿ ಅದು ಬೆರಳು ತೂರುವಷ್ಟಾಯಿತು. ಬೀಡಿನ ಗುಂಡಿಯಲ್ಲಿ ಕೆಂಡವನ್ನು ಹರಡಿ ತಾನಾಗಿಯೇ ಆರಲು ಬಿಡಬೇಕು, ನೀರು ಕೂಡದು.

ಪ್ಲೇಟ್ ಬೆಸೆದು ಮಾಡಿದ ಗುಂಡಿ

ನನ್ನ ಹತ್ತಿರ ಈಗ ಉಳಿದಿರುವುದು ಇದೇ. 10 ಮಿಮೀ ಎಂಎಸ್ ಪ್ಲೇಟಿನದು, ತಲೆಕೆಳಗಾದ ಗೋಪುರದ ಆಕಾರ. ಮೇಲ್ಬಾಯಿ 300 ಮಿಮೀ ಉದ್ದ, 250 ಅಗಲ. ತಳ 100ಕ್ಕೆ 100. ಆಳ 100.

ಲೆಕ್ಕ ನಿಮಗೂ ಉಪಯೋಗಕ್ಕೆ ಬರಲಿ. ಉದ್ದ ಬದಿಯ ತುಂಡು ಎರಡು: ಮೇಲೆ 300, ಕೆಳಗೆ 100, ನಡುವಿನ ಎತ್ತರ 125. ಅಗಲ ಬದಿಯ ತುಂಡು ಎರಡು: ಮೇಲೆ 250, ಕೆಳಗೆ 100, ಎತ್ತರ 141. ನಾಲ್ಕರ ಓರೆ ಅಂಚುಗಳೂ 160 ಮಿಮೀ ಬರುತ್ತವೆ, ಹಾಗಾಗಿ ಮೂಲೆ ಸರಿಯಾಗಿ ಕೂಡುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಟೇಪು ಹಚ್ಚಿ ನೋಡಿ. ವೆಲ್ಡಿಂಗ್ ಶಾಪಿಗೆ ಹೋಗುವಾಗ ಆ ರಟ್ಟನ್ನೇ ತೆಗೆದುಕೊಂಡು ಹೋದರೆ ಬಾಯಲ್ಲಿ ವಿವರಿಸುವ ಗೋಳಿಲ್ಲ. ಮೇಲೆ ಸುತ್ತ 40 ಮಿಮೀ ಪಟ್ಟಿ ಸೇರಿಸಿದರೆ ಟೇಬಲ್ಲಿನ ತೂತಿನಲ್ಲಿ ಗುಂಡಿ ಕೂರುತ್ತದೆ. ಟೇಬಲ್ಲಿಗೆ ಬೆಸೆಯಬೇಡಿ. ಕಾದಾಗ ಹಿಗ್ಗಲು ಜಾಗ ಬೇಕು, ಸುಟ್ಟುಹೋದಾಗ ಎತ್ತಿ ಬದಲಾಯಿಸಲೂಬೇಕು.

10 ಮಿಮೀ ಪ್ಲೇಟು ಒಂದು ಚದರ ಮೀಟರಿಗೆ 78.5 ಕೆಜಿ ತೂಗುತ್ತದೆ. ಈ ಅಳತೆಗೆ ಪಟ್ಟಿಯೂ ಸೇರಿ ಸುಮಾರು 13 ಕೆಜಿ. ನಿಮ್ಮೂರಿನ ಕೆಜಿ ದರಕ್ಕೆ ಗುಣಿಸಿ, ಕಟಿಂಗ್ ವೆಲ್ಡಿಂಗ್ ಕೂಲಿ ಸೇರಿಸಿ, ಖರ್ಚು ಗೊತ್ತಾಗುತ್ತದೆ. ಗುಜರಿಯಲ್ಲಿ ತುಂಡು ಪ್ಲೇಟು ಸಿಕ್ಕರೆ ಇನ್ನೂ ಅಗ್ಗ. 5 ಮಿಮೀ ಸಾಕಲ್ಲ ಅನ್ನುವವರಿಗೆ ಹೇಳುವುದಿಷ್ಟು. ಸಾಕು, ಒಳಗೆ ಅರ್ಧ ಇಂಚು ಮಣ್ಣು ಮೆತ್ತುವುದಾದರೆ. ಬರಿ ಮೈಯಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ, ಬೇಗ ಸುಟ್ಟು ತೂತಾಗುತ್ತದೆ.

ಬೆಸೆಯುವಾಗ ತುಂಡುಗಳ ಒಳ ಅಂಚು ಒಂದಕ್ಕೊಂದು ತಾಗಲಿ. ಹೊರಗೆ ತಾನಾಗಿ ಒಂದು ಕಾಲುವೆ ಬೀಳುತ್ತದೆ, ಅದನ್ನು ವೆಲ್ಡಿನಿಂದ ತುಂಬಿ. ನಾಲ್ಕೂ ಮೂಲೆಗೆ ಮೊದಲು ಚುಕ್ಕಿ ವೆಲ್ಡ್ ಹಾಕಿಸಿ, ಆಮೇಲೆ ಪೂರ್ತಿ. ಒಂದೇ ಮೂಲೆ ಮುಗಿಸಿ ಇನ್ನೊಂದಕ್ಕೆ ಹೋದರೆ ಎಳೆದುಕೊಂಡುಬಿಡುತ್ತದೆ.

ಗಾಳಿ ತಳದಿಂದ. ತಳದ ಪ್ಲೇಟಿಗೆ ಎರಡು ಇಂಚಿನ ಎಂಎಸ್ ಪೈಪಿನ ಟೀ (T ಆಕಾರದ ಕೂಡುತುಂಡು) ಬೆಸೆದು, ಅಡ್ಡ ಕೊಂಬೆ ಬ್ಲೋವರಿಗೆ, ಕೆಳಗಿನ ಕೊಂಬೆ ಬೂದಿಗೆ. ಬೂದಿ ಬಾಯಿಗೆ ತೆರೆದು ಮುಚ್ಚುವ ಒಂದು ತಗಡಿನ ಬಾಗಿಲು. ತಳದಲ್ಲಿ ಎಂಟು ಹತ್ತು ಮಿಮೀ ತೂತುಗಳು ಆರೇಳು ಸಾಕು. ಕಲ್ಲಿದ್ದಲು ಉರಿಸುವವರು ಅದರ ಬದಲು ಒಂದೇ ದೊಡ್ಡ ತೂತು ಬಿಟ್ಟು, ಅದರ ಮೇಲೆ ಹೊರಗಿನಿಂದ ಸರಳಿನಲ್ಲಿ ತಿರುಗಿಸುವ ಮುಮ್ಮೂಲೆಯ ತುಂಡು ಇಡಿ. ಕಿಟ್ಟ ಕೂತಾಗ ಸರಳು ತಿರುಗಿಸಿದರೆ ಮುರಿದು ಕೆಳಗೆ ಬೀಳುತ್ತದೆ, ಬೆಂಕಿ ಕೆದಕಬೇಕಿಲ್ಲ.

ಇದ್ದಿಲಿಗೆ ಈ ಗುಂಡಿಯ ನಾಲ್ಕು ಇಂಚು ಆಳ ಸಾಲದು. ನಾನು ಟೇಬಲ್ ಮೇಲೆ ಗುಂಡಿಯ ಅಂಚಿಗೆ ಎರಡು ಬದಿ ಬೆಂಕಿ ತಡೆಯುವ ಇಟ್ಟಿಗೆ ನಿಲ್ಲಿಸುತ್ತೇನೆ. ಆಳ ಎಂಟು ಇಂಚಾಗುತ್ತದೆ, ಅಗಲವೂ ಕಮ್ಮಿಯಾಗುತ್ತದೆ. ಹಾರೆಗೆ ಉದ್ದಕ್ಕೆ ದಾರಿ ಹಾಗೇ ಇರುತ್ತದೆ. ಕಲ್ಲಿದ್ದಲು ಸಿಕ್ಕ ದಿನ ಇಟ್ಟಿಗೆ ತೆಗೆದರಾಯಿತು. ಎರಡಕ್ಕೂ ಒಗ್ಗುವುದು ಮೂರರಲ್ಲಿ ಇದೊಂದೇ. ಒಂದು ಕಿರಿಕಿರಿ ಇದೆ. ಸಣ್ಣ ಇದ್ದಿಲು ತೂತಿನಿಂದ ಕೆಳಗೆ ಜಾರುತ್ತದೆ, ಪುಡಿಯನ್ನು ಮೊದಲೇ ಜರಡಿ ಹಿಡಿಯಬೇಕು.

ಬೀಡಿನ ರೆಡಿಮೇಡ್ ಗುಂಡಿ

ದಿನವಿಡೀ ಕುಲುಮೆ ಉರಿಸಿ ಹೊಟ್ಟೆ ಹೊರೆಯುವವರಿಗೆ ಸರಿ. ದಪ್ಪ ಇರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ತಿಂಗಳಿಗೆ ಎರಡು ಭಾನುವಾರ ಬೆಂಕಿ ಹಾಕುವವರಿಗೆ ದಂಡ. ನೀರಿನ ಎಚ್ಚರಿಕೆ ಇದಕ್ಕೂ ಇದೆ.

ಗಾಳಿ, ಪೈಪು, ಹೊಗೆ

ಯಾವ ಗುಂಡಿ ಆರಿಸಿದರೂ ಜಿಐ ಪೈಪು (ಸತು ಬಳಿದ ಕಬ್ಬಿಣದ ಪೈಪು) ಹತ್ತಿರ ಸುಳಿಯಬಾರದು. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಬಾಯಿ ಅದನ್ನು ಸಲೀಸಾಗಿ ದಾಟುತ್ತದೆ. ನಾನು ಮೊದಲ ಸಲ ಹಳೇ ನೀರಿನ ಪೈಪು ಹಾಕಿದ್ದೆ. ಬಿಳಿ ಹೊಗೆ ಬಂತು, ಹೊಸದಲ್ವಾ ಅಂತ ಸುಮ್ಮನಾದೆ. ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಗುಜರಿಯಲ್ಲಿ ಪೈಪು ಆರಿಸುವಾಗ ಬೆಳ್ಳಗೆ ಹೊಳೆಯುವುದನ್ನು ಬಿಟ್ಟು ಕರಿ ಪೈಪು ತನ್ನಿ.

ಬ್ಲೋವರಿಗೂ ಗುಂಡಿಗೂ ನಡುವೆ ಮೂರು ಅಡಿಯಾದರೂ ಕಬ್ಬಿಣದ ಪೈಪು ಇರಲಿ. ಪಿವಿಸಿ ಹಚ್ಚಿದರೆ ಮೆತ್ತಗಾಗಿ ಬಾಗುತ್ತದೆ. ಕರೆಂಟಿನ ಬ್ಲೋವರಾದರೆ ಗಾಳಿ ಕಮ್ಮಿ ಮಾಡಲು ಪೈಪಿನಲ್ಲಿ ಜಾರುವ ತಗಡಿನ ಬಾಗಿಲು ಬೇಕೇ ಬೇಕು. ಇದ್ದಿಲಿಗೆ ಅದರ ಪೂರ್ತಿ ಗಾಳಿ ಬಿಟ್ಟರೆ ದೀಪಾವಳಿ. ನಮ್ಮೂರ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದದ್ದು ಆಚಾರ್ರ ಹೆಂಡತಿ. ಕಬ್ಬಿಣದ ಬಣ್ಣ ನೋಡಿಯೇ ಎಷ್ಟು ಗಾಳಿ ಅಂತ ಆಕೆಗೆ ಗೊತ್ತಾಗುತ್ತಿತ್ತು. ಆಚಾರ್ರು ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ಕಲ್ಲಿದ್ದಲು ಉರಿಸುವವರಿಗೆ ಇನ್ನೊಂದು. ಗಾಳಿ ನಿಲ್ಲಿಸಿದಾಗ ಅದರ ಗ್ಯಾಸು ಪೈಪಿನೊಳಕ್ಕೆ ಇಳಿಯುತ್ತದೆ. ಮತ್ತೆ ಬ್ಲೋವರ್ ಹಾಕಿದರೆ ಢಬ್ ಅನ್ನುತ್ತದೆ. ಗಾಳಿ ನಿಲ್ಲಿಸಿದ ಕೂಡಲೇ ಬೂದಿ ಬಾಗಿಲು ತೆರೆದಿಡಿ. ಕುಲುಮೆಯನ್ನು ಮುಚ್ಚಿದ ಶೆಡ್ಡಿನೊಳಗೆ ಹಾಕಲೇಬೇಡಿ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ನೆರಳಿರುವ, ಗಾಳಿಯಾಡುವ ಜಾಗ ಒಳ್ಳೆಯದು. ನೆರಳು ಯಾಕೆ ಅಂದರೆ ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ, ಕೆಂಪಾಗಿಲ್ಲ ಅಂತ ಕಾಯುತ್ತಾ ಸುಟ್ಟುಹಾಕುತ್ತೀರಿ.

ಹಾಗಾದರೆ ಯಾರಿಗೆ ಯಾವುದು

ನಿಮಗೆ ಈ ಕೆಲಸ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲ, ಉರಿಸುವುದು ಇದ್ದಿಲು, ಜೇಬು ಖಾಲಿ ಅನ್ನುವುದಾದರೆ ಮಣ್ಣಿನದು ಮಾಡಿ. ಖರ್ಚು ಒಂದು ಪೈಪು. ಗುಂಡಿಯ ಅಳತೆ ಸರಿ ಬರಲಿಲ್ಲ ಅಂದರೆ ಕೆತ್ತಬಹುದು, ಮೆತ್ತಬಹುದು. ಪ್ಲೇಟು ಕತ್ತರಿಸಿದ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಪ್ಲೇಟಿನದು ಮಾಡಬೇಕೆಂದಿರುವವರೂ ಎರಡು ತಿಂಗಳು ಮಣ್ಣಿನದರಲ್ಲಿ ಕೆಲಸ ಮಾಡಿ, ತಮಗೆ ಬೇಕಾದ ಅಳತೆ ಕಂಡುಕೊಂಡರೆ ಲೇಸು.

ತೋಟದ ಸಾಮಾನನ್ನು ನೀವೇ ತಟ್ಟಿಕೊಳ್ಳುತ್ತೀರಿ, ವರ್ಷವಿಡೀ ಕೆಲಸ ಇದೆ, ಇದ್ದಿಲೋ ಕಲ್ಲಿದ್ದಲೋ ಸಿಕ್ಕಿದ್ದು ಉರಿಸುತ್ತೀರಿ ಅಂದರೆ ಪ್ಲೇಟಿಗೇ ಹೋಗಿ. ಬರಿ ಕಲ್ಲಿದ್ದಲು ಅನ್ನುವವರಿಗೂ ಅದೇ, ಕಿಟ್ಟ ಮುರಿಯುವ ಸರಳಿನ ಜೊತೆ. ಬಾಡಿಗೆ ಮನೆಯಲ್ಲಿದ್ದೀರಿ, ಕೆಲಸ ಮುಗಿದ ಮೇಲೆ ಎತ್ತಿ ಮೂಲೆಗಿಡಬೇಕು, ಮಾಡುವುದು ಚಾಕು ಮಾತ್ರ ಅಂದರೆ ಸಣ್ಣ ಡ್ರಮ್ಮು ಮಣ್ಣು ಮೆತ್ತಿಕೊಂಡು ನಡೆಯುತ್ತದೆ. ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಕಲ್ಲಿದ್ದಲು ಹಚ್ಚುವ ಯೋಚನೆ ಇದ್ದರೆ ಮೊದಲು ಅಕ್ಕಪಕ್ಕದವರ ಮುಖ ನೆನೆಸಿಕೊಳ್ಳಿ. ಅಂಥವರಿಗೆ ಗ್ಯಾಸಿನ ಕುಲುಮೆ, ಅದು ಬೇರೆಯೇ ಕಥೆ.

ಹುಡುಗ ಕೊನೆಗೆ ಮಣ್ಣಿನದೇ ಮಾಡಿದ. ಮೊದಲ ದಿನ ಅವರಪ್ಪನ ಕುಡುಗೋಲು ಸುಟ್ಟ, ಎರಡನೇ ವಾರ ಒಂದು ಉಳಿ ಮಾಡಿದ. ಲಾರಿ ಡ್ರಮ್ಮೂ ದಂಡವಾಗಲಿಲ್ಲ. ಅದನ್ನು ಬೋರಲು ಹಾಕಿ, ಮೇಲೊಂದು ಕಂಬ ಬೆಸೆಸಿ, ವೈಸ್ ಕೂರಿಸಿಕೊಂಡಿದ್ದಾನೆ. ಎಷ್ಟು ಜಗ್ಗಿದರೂ ಅಲ್ಲಾಡುವುದಿಲ್ಲ.